ಒಂದೇ ನಂಬರಿನ ಎರಡು ಪಟ್ಟಿ: ಅಕ್ಸೆಸ್ ಫೈಲಿನ ಹೆಸರು ಬದಲಿಸೋ ಮುಂಚೆ ಓದಿ

ರಾಯಚೂರು ಗಂಜ್‌ನ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ರೈತರ ಖಾತೆ, ತೂಕ, ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಎಲ್ಲ ಮೈಕ್ರೋಸಾಫ್ಟ್ ಅಕ್ಸೆಸ್ ಅನ್ನೋ ಡೇಟಾಬೇಸ್ ಪ್ರೋಗ್ರಾಮಿನ ಒಂದೇ ಡೇಟಾ ಫೈಲಿನಲ್ಲಿ. ಫಾರ್ಮುಗಳಿರುವ ಫೈಲು ಬೇರೆ, ಅದು ಮೂರು ಕಂಪ್ಯೂಟರಿನಲ್ಲೂ ಇದೆ, ಡೇಟಾಗೆ ಲಿಂಕ್ ಆಗಿ.

ಏಪ್ರಿಲ್ 1. “ಫೈಲಿಗೆ ವರ್ಷದ ಹೆಸರು ಹಾಕಿಡಪಾ, ಹುಡುಕಾಕ ಸಲೀಸಾಗತೈತಿ” ಅಂದರು ಸಾವ್ಕಾರ್ರು. ಹಾಕಿದೆ. ಮೂರೂ ಕಡೆ ಫಾರ್ಮು ನಿಂತುಹೋಯಿತು, ಫೈಲ್ ಸಿಗುತ್ತಿಲ್ಲವಂತೆ. ಲಿಂಕ್ ಅನ್ನೋದು ಡೇಟಾ ಫೈಲಿನ ಪೂರ್ತಿ ದಾರಿಯನ್ನು ಹೆಸರಿನ ಸಮೇತ ಬರೆದಿಟ್ಟುಕೊಂಡಿರುತ್ತದೆ. ಹೆಸರು ಹೋದರೆ ದಾರಿಯೂ ಹೋಯಿತು. ಟೇಬಲ್ಲುಗಳ ನಡುವಿನ ಸಂಬಂಧಕ್ಕೆ ಏನೂ ಆಗಿರಲಿಲ್ಲ, ಅವು ಡೇಟಾ ಫೈಲಿನೊಳಗೇ ಇರುತ್ತವೆ. ಇದು ಆಗ ಗೊತ್ತಿದ್ದರೆ!

ಹೊರಗೆ ಟ್ರ್ಯಾಕ್ಟರುಗಳ ಸಾಲು, ಹಮಾಲರ ಕೂಗು. ಗಡಿಬಿಡಿಯಲ್ಲಿ ಹೊಸ ಫೈಲಿನ ಕಾಪಿ ತೆಗೆದು ಹಳೇ ಹೆಸರಿಟ್ಟೆ. ಎಲ್ಲ ನಡೆಯಿತು. ಆಮೇಲೆ ಜಾಣತನ ಮಾಡಿ ನನ್ನ ಕಂಪ್ಯೂಟರನ್ನು ಮಾತ್ರ ಹೊಸ ಹೆಸರಿಗೆ ಲಿಂಕ್ ಮಾಡಿದೆ. ಉಳಿದೆರಡು ಹಳೇದಕ್ಕೇ ಬರೆಯುತ್ತಿದ್ದವು. ಒಂದು ಎರರ್ ಕೂಡ ಬರಲಿಲ್ಲ ನೋಡಿ!

ನಾಲ್ಕನೇ ದಿನ ಮಾನ್ವಿ ಕಡೆಯ ರೈತರೊಬ್ಬರು ದುಡ್ಡಿಗೆ ಬಂದರು. ಅವರ ಪಟ್ಟಿ ನಂಬರ್ 4187. ನನ್ನ ಸ್ಕ್ರೀನಿನಲ್ಲಿ 4187 ಲಿಂಗಸುಗೂರಿನವರದು. ಎರಡೂ ಫೈಲು ಅದೇ ನಂಬರಿನಿಂದ ಮುಂದುವರಿದು ಆಟೋನಂಬರ್ (ಅಕ್ಸೆಸ್ ತಾನೇ ಹಾಕುವ ನಂಬರ್) ಕೊಟ್ಟಿದ್ದವು. ತೂಕದ ಸಾಲುಗಳೆಲ್ಲ ಆ ನಂಬರಿಗೇ ಜೋತು ಬಿದ್ದಿರುವುದರಿಂದ ಸುಮ್ಮನೆ ಒಂದರೊಳಗೊಂದು ಸುರಿಯುವ ಹಾಗೂ ಇಲ್ಲ. ಕಾಗದದ ತೂಕದ ಚೀಟಿ ಹರಡಿಕೊಂಡು ಮೂರು ರಾತ್ರಿ ಕೂತೆ.

ಮಾಡಬೇಕಿದ್ದದ್ದು ಇಷ್ಟು: ಎಲ್ಲರಿಂದಲೂ ಅಕ್ಸೆಸ್ ಮುಚ್ಚಿಸಿ, ಡೇಟಾ ಫೈಲಿನ ಪಕ್ಕದ ಲಾಕ್ ಫೈಲು (ಯಾರಾದರೂ ತೆರೆದಿರುವಾಗ ಇರುವಂಥದ್ದು) ಮಾಯವಾದದ್ದು ನೋಡಿ, ಬ್ಯಾಕಪ್ ತೆಗೆದು, ಹೆಸರು ಬದಲಿಸಿ, ಎಕ್ಸ್‌ಟರ್ನಲ್ ಡೇಟಾದಲ್ಲಿರುವ ಲಿಂಕ್ಡ್ ಟೇಬಲ್ ಮ್ಯಾನೇಜರ್‌ನಿಂದ ಪ್ರತಿ ಕಂಪ್ಯೂಟರಿನಲ್ಲೂ ಹೊಸ ದಾರಿ ತೋರಿಸುವುದು. ಹಳೇ ಹೆಸರಿನ ಫೈಲು ಆ ಜಾಗದಲ್ಲಿ ಉಳಿಯಲೇಬಾರದು. ಹಳೇ ಲಿಂಕ್ ಇರುವಾಗಲೇ ಇನ್ನೊಮ್ಮೆ ಲಿಂಕ್ ಮಾಡಲೂಬೇಡಿ: ‘ರೈತರು’ ಪಕ್ಕ ‘ರೈತರು1’ ಹುಟ್ಟುತ್ತದೆ, ಕ್ವೆರಿಗಳು (ಟೇಬಲ್ಲಿನಿಂದ ಬೇಕಾದ್ದನ್ನು ಹುಡುಕಿ ತರುವಂಥವು) ಹಳೇದನ್ನೇ ನೋಡುತ್ತಿರುತ್ತವೆ. ಅದನ್ನೂ ಮಾಡಿ ನೋಡಿದವನು ನಾನು.

ಈಗ ನಮ್ಮಲ್ಲಿ ವರ್ಷದ ಹೆಸರು ಬ್ಯಾಕಪ್‌ಗೆ ಮಾತ್ರ. ಲಿಂಗಸುಗೂರಿನವರ ಪಟ್ಟಿಯ ಮೇಲೆ 4187-ಅ ಅಂತ ಬರೆದಿದೆ. ಸಾವ್ಕಾರ್ರು ಈಗಲೂ ಆ ‘ಅ’ ಏನು ಅಂತ ಕೇಳುತ್ತಾರೆ.