ಕಯಾಕ್‌ನಲ್ಲಿ ಕ್ಯಾಮೆರಾ ಒಯ್ಯೋದು ಹೇಗೆ: ಡ್ರೈ ಬ್ಯಾಗ್, ಗಟ್ಟಿ ಪೆಟ್ಟಿಗೆ, ವಾಟರ್‌ಪ್ರೂಫ್ ಕ್ಯಾಮೆರಾ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಟ್ಟಿ ಪೆಟ್ಟಿಗೆಗೆ. ಸುತ್ತ ರಬ್ಬರ್ ಸೀಲ್, ಮುಂದೆ ಎರಡು ಚಿಲಕ, ಒಳಗೆ ಸ್ಪಂಜು ಇರುವ ಪ್ಲಾಸ್ಟಿಕ್ ಪೆಟ್ಟಿಗೆ. ಅದು ಕೈಗೆ ಬರುವ ಮೊದಲು ಡ್ರೈ ಬ್ಯಾಗ್, ಅಂದರೆ ನೀರು ಒಳಗೆ ಬಿಡದ ಚೀಲ, ಅದನ್ನು ನಂಬಿ ಒಂದು ಒಳ್ಳೆಯ ಲೆನ್ಸ್ ಕಳೆದುಕೊಂಡೆ. ಆಮೇಲೆ ಕೆಲವು ತಿಂಗಳು ವಾಟರ್‌ಪ್ರೂಫ್ ಕ್ಯಾಮೆರಾ ಒಂದನ್ನೇ ಹಿಡಿದುಕೊಂಡು ಓಡಾಡಿದೆ.

ನಾನು ಹೋಗುವ ರೀತಿ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ವಾರದ ಕೊನೆಯಲ್ಲಿ ಒಂದು ದಿನ, ಬೆಳಕು ಹರಿಯುವ ಹೊತ್ತಿಗೆ ನೀರಿಗೆ ಇಳಿಯುತ್ತೇನೆ. ಬಿಸಿಲು ಏರುವ ಮೊದಲು ದಡಕ್ಕೆ ವಾಪಸ್. ಎರಡು ಗಂಟೆ, ಹೆಚ್ಚೆಂದರೆ ಮೂರು. ನಿಂತ ನೀರು, ಅಲೆ ಕಡಿಮೆ. ಕಯಾಕ್ ಅಂದರೆ ಹುಟ್ಟು ಹಾಕಿ ನಡೆಸುವ ಕಿರುದೋಣಿ; ನನ್ನದು ಸಿಟ್-ಆನ್-ಟಾಪ್, ಅಂದರೆ ಒಳಗೆ ಕಾಲು ತೂರಿಸದೆ ಮೇಲೇ ಕೂರುವಂಥದ್ದು. ಹುಡುಕುವುದು ಹಕ್ಕಿಗಳನ್ನು: ಮಿಂಚುಳ್ಳಿ, ನೀರುಕಾಗೆ, ಬಕ. ದಡದಲ್ಲಿ ನಿಂತು ತೆಗೆದರೆ ನೀರಿನ ಹಕ್ಕಿಯ ಬೆನ್ನೇ ಜಾಸ್ತಿ ಕಾಣುತ್ತದೆ. ಕಯಾಕ್‌ನಲ್ಲಿ ಕೂತಾಗ ನಮ್ಮ ಕಣ್ಣು ನೀರಿನಿಂದ ಮೂರು ಅಡಿ ಮೇಲಿದ್ದರೆ ಹೆಚ್ಚು, ಹಕ್ಕಿ ನೇರ ನಮ್ಮನ್ನೇ ನೋಡುತ್ತಿರುತ್ತದೆ, ಅದರ ಹಿಂದೆ ನೀರು ಮಸುಕಾಗಿ ಹೋಗಿರುತ್ತದೆ. ಆ ಒಂದು ನೋಟಕ್ಕಾಗಿ ದೂರದ್ದನ್ನು ಹತ್ತಿರ ತರುವ 300 ಎಂಎಂ ಲೆನ್ಸ್ ಹಾಕಿದ ಕ್ಯಾಮೆರಾವನ್ನು ನೀರಿನ ಮಧ್ಯಕ್ಕೆ ಒಯ್ಯುತ್ತೇನೆ.

ಈಗ ಡ್ರೈ ಬ್ಯಾಗ್ ವಿಷಯ. ಅದರ ಬಾಯಿ ಸುತ್ತಿ ಬಕಲ್ ಹಾಕುವಂಥದ್ದು, ಎಲ್ಲರೂ ನೋಡಿರುತ್ತೀರಿ. ಹಗುರ, ಮಡಚಿ ಇಡಬಹುದು, ಮೂರರಲ್ಲಿ ಅಗ್ಗ. ನಾನು ಮೊದಲು ತಗೊಂಡದ್ದೂ ಅದಕ್ಕೇ. ಬದಲಿ ಬಟ್ಟೆಗೆ, ಟವಲ್‌ಗೆ, ಪ್ರಥಮ ಚಿಕಿತ್ಸೆಯ ಕಿಟ್‌ಗೆ ಇವತ್ತಿಗೂ ಅದನ್ನೇ ಬಳಸುತ್ತೇನೆ. ತೊಂದರೆ ಇರುವುದು ಆ ಬಾಯಿಯಲ್ಲಿ.

ನೀರು ತಡೆಯುವುದು ಬಕಲ್ ಅಲ್ಲ, ಮಡಿಕೆಗಳು. ಕನಿಷ್ಠ ಮೂರು ಸುತ್ತು, ಬಿಗಿಯಾಗಿ, ಎರಡೂ ಅಂಚು ಸಮ ಸೇರಿಸಿ, ನಡುವೆ ಸುಕ್ಕು ಬರದಂತೆ ಸುತ್ತಬೇಕು. ಸುಕ್ಕಿದ್ದರೆ ಅದೇ ಒಂದು ಸಣ್ಣ ಕಾಲುವೆ ಆಗುತ್ತದೆ. ಮನೆಯಲ್ಲಿ ಮೇಜಿನ ಮೇಲೆ ಇದು ಸುಲಭ. ನೀರಿನ ಮೇಲೆ ಹೇಗೆ ಅಂತ ಯೋಚಿಸಿ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಒದ್ದೆ ಕೈಯಲ್ಲಿ ಬಕಲ್ ಬಿಚ್ಚಿ, ಸುತ್ತು ಬಿಡಿಸಿ, ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ಪಟ್ಟಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ತಡಕಾಡಿ ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ಮಿಂಚುಳ್ಳಿ ಅರ್ಧ ನಿಮಿಷ ಕಾಯುತ್ತಾ? ಕಾಯಲ್ಲ. ಫೋಟೋ ಆದ ಮೇಲೆ ಮತ್ತೆ ಸುತ್ತಬೇಕು, ಅದಕ್ಕೂ ಎರಡು ಕೈ ಬೇಕು. ಅಷ್ಟರಲ್ಲಿ ಗಾಳಿ ಕಯಾಕ್‌ನ ಮೂತಿಯನ್ನು ಜೊಂಡಿನ ಕಡೆ ತಿರುಗಿಸಿರುತ್ತದೆ, ಹುಟ್ಟು ಹಿಡಿಯಲೇಬೇಕು.

ಹೀಗಾಗಿ ಮೂರನೇ ಸಲ ಹೋಗುವ ಹೊತ್ತಿಗೆ ಒಂದು ಅಭ್ಯಾಸ ಆಗಿತ್ತು. ಒಂದೇ ಸುತ್ತು ಸುತ್ತಿ ಬಕಲ್ ಹಾಕಿ ಕಾಲ ಬಳಿ ಇಡುವುದು. ಇನ್ನೇನು ಐದು ನಿಮಿಷದಲ್ಲಿ ಮತ್ತೆ ತೆಗೆಯುತ್ತೇನಲ್ಲ ಅಂತ. ಸಿಟ್-ಆನ್-ಟಾಪ್ ಕಯಾಕ್‌ನ ತಳದಲ್ಲಿ ಸ್ಕಪ್ಪರ್ ಅನ್ನುವ ತೂತುಗಳಿರುತ್ತವೆ, ಮೇಲೆ ಬಿದ್ದ ನೀರು ಹರಿದು ಹೋಗಲಿ ಅಂತ. ಭಾರ ಜಾಸ್ತಿಯಾದರೆ ಅದೇ ತೂತಿನಿಂದ ನೀರು ಮೇಲಕ್ಕೂ ಬರುತ್ತದೆ, ಕಾಲಿಡುವ ಜಾಗದಲ್ಲಿ ಸದಾ ಒಂದು ಬೆರಳಿನಷ್ಟು ನಿಂತಿರುತ್ತದೆ. ಹುಟ್ಟಿನಿಂದ ಇಳಿಯುವ ನೀರೂ ಅಲ್ಲಿಗೇ ಸೇರುತ್ತದೆ. ಚೀಲ ಅದರಲ್ಲಿ ಪಕ್ಕಕ್ಕೆ ವಾಲಿಕೊಂಡು ಒಂದೂವರೆ ಗಂಟೆ ಬಿದ್ದಿತ್ತು. ಕಯಾಕ್ ಮಗುಚಲಿಲ್ಲ, ದೊಡ್ಡ ಅಲೆ ಬರಲಿಲ್ಲ, ಏನೂ ಆಗಲಿಲ್ಲ. ದಡಕ್ಕೆ ಬಂದು ಬಿಚ್ಚಿ ನೋಡಿದರೆ ಒಳಗೆ ಒಂದು ಲೋಟದಷ್ಟು ನೀರು, ಅದರಲ್ಲಿ ಲೆನ್ಸಿನ ಜೂಮ್ ರಿಂಗ್ ಮುಳುಗಿ ಕೂತಿತ್ತು.

ಆ ದೃಶ್ಯ ನೋಡಿ ಹೊಟ್ಟೆ ಹಿಂಡಿದ ಹಾಗಾಯಿತು. ಬ್ಯಾಟರಿ ತೆಗೆದೆ, ಆನ್ ಮಾಡಲಿಲ್ಲ, ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ವಾರಗಟ್ಟಲೆ ಇಟ್ಟೆ. ಕ್ಯಾಮೆರಾ ಉಳಿಯಿತು. ಲೆನ್ಸಿನ ಒಳಗಾಜಿನ ಮೇಲೆ ಮೊದಲು ಮಂಜು, ಆಮೇಲೆ ಜೇಡರ ಬಲೆಯಂಥ ಬೂಷ್ಟು ಬಂತು. ಸಿಹಿನೀರಾದ್ದರಿಂದ ಇಷ್ಟಕ್ಕೆ ನಿಂತಿತು, ಸಮುದ್ರದ ನೀರಾಗಿದ್ದರೆ ಉಪ್ಪು ಒಳಗಿನ ಸರ್ಕ್ಯೂಟನ್ನು ತಿಂದುಬಿಡುತ್ತಿತ್ತು. ತಪ್ಪು ಚೀಲದ್ದಾ, ನನ್ನದಾ? ಸುತ್ತಿದ್ದು ನಾನೇ. ಆದರೆ ಪ್ರತಿ ಸಲವೂ ಎರಡು ಒಣ ಕೈ, ಅರ್ಧ ನಿಮಿಷ ಬೇಡುವ ವಸ್ತು ಕಯಾಕ್ ಮೇಲೆ ಕ್ಯಾಮೆರಾಕ್ಕೆ ಹೊಂದಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ವಿಷಯ, ಆ ಚೀಲದ ತಳ ಮರಳಿಗೆ ಉಜ್ಜಿ ಉಜ್ಜಿ ಸೂಜಿಮೊನೆಯಷ್ಟು ತೂತು ಬಿದ್ದಿದ್ದು ಆಮೇಲೆ ಕಂಡಿತು. ಆಗಾಗ ಚೀಲಕ್ಕೆ ಗಾಳಿ ತುಂಬಿ ಸುತ್ತಿ, ಬಕೆಟ್ ನೀರಿನಲ್ಲಿ ಒತ್ತಿ ನೋಡಿ. ಗುಳ್ಳೆ ಬಂದರೆ ಗೊತ್ತಾಗುತ್ತದೆ.

ವಾಟರ್‌ಪ್ರೂಫ್ ಕಾಂಪ್ಯಾಕ್ಟ್ ಕ್ಯಾಮೆರಾ ಬಗ್ಗೆ ಅಸಮಾಧಾನ ಇಲ್ಲ. ಲೈಫ್ ಜಾಕೆಟ್ಟಿನ ಜೇಬಿನಲ್ಲಿ ಇಟ್ಟರೆ ಮುಗಿಯಿತು. ತೇಲುವ ಪಟ್ಟಿ ಹಾಕಿದರೆ ಮನಸ್ಸೂ ಹಗುರ. ನೀರಿಗೆ ಬಿದ್ದರೂ ಎತ್ತಿಕೊಳ್ಳಬಹುದು. 2019ರಲ್ಲಿ ಬಂದ ಒಲಿಂಪಸ್ ಟಿಜಿ-6 ಥರದವು 15 ಮೀಟರ್ ಆಳದವರೆಗೆ ತಡೆಯುತ್ತವೆ, ಕಯಾಕ್‌ಗೆ ಅಷ್ಟು ಬೇಕಾಗುವುದೇ ಇಲ್ಲ. ಲೆನ್ಸಿನ ಅರ್ಧ ನೀರಲ್ಲಿ ಅದ್ದಿ, ಮೇಲೆ ಆಕಾಶ ಕೆಳಗೆ ಬಳ್ಳಿ ಬರುವ ಹಾಗೆ ತೆಗೆಯುವ ಫೋಟೋ ದೊಡ್ಡ ಕ್ಯಾಮೆರಾದಲ್ಲಿ ಕನಸಿನ ಮಾತು.

ಆದರೆ ಹಕ್ಕಿ? ಅದರ ಲೆನ್ಸ್ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 25ರಿಂದ 100 ಎಂಎಂನದ್ದು. ನನ್ನ 300 ಎಂಎಂ ಲೆನ್ಸ್ ನನ್ನ ಕ್ಯಾಮೆರಾದ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮೇಲೆ ಅದೇ ಲೆಕ್ಕದಲ್ಲಿ 450ಕ್ಕೆ ಬರುತ್ತದೆ. ಸೆನ್ಸರ್ ಅಗಲ ನೋಡಿದರೂ ಅಲ್ಲಿ ಸುಮಾರು 6 ಮಿಮೀ, ಇಲ್ಲಿ 23 ಮಿಮೀಗಿಂತ ಜಾಸ್ತಿ. ಬೆಳಗಿನ ಮಬ್ಬು ಬೆಳಕಲ್ಲಿ, ತೇಲುವ ಕಯಾಕ್ ಮೇಲಿಂದ ತೆಗೆಯುವಾಗ ನನಗೆ ಸೆಕೆಂಡಿನ 1/1000 ಭಾಗಕ್ಕಿಂತ ವೇಗದ ಶಟರ್ ಬೇಕು. ಸ್ಟೆಬಿಲೈಸೇಶನ್ ನಮ್ಮ ಕೈ ನಡುಕ ತಡೆಯುತ್ತದೆ, ಹಕ್ಕಿಯ ರೆಕ್ಕೆಯನ್ನು ನಿಲ್ಲಿಸಲ್ಲ. ಚಿಕ್ಕ ಸೆನ್ಸರಿನಲ್ಲಿ ಆ ವೇಗಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಸೂಕ್ಷ್ಮತೆ, ಏರಿಸಿದರೆ ಗರಿಯ ಬದಲು ಕಾಳು ಕಾಳು ಕಾಣುತ್ತದೆ. ಹಲವು ತಿಂಗಳು ತೆಗೆದ ಚಿತ್ರಗಳಲ್ಲಿ ಹಕ್ಕಿ ಒಂದು ಚುಕ್ಕೆ. ಊರು, ದೋಣಿ, ಗೆಳೆಯರು, ಸೂರ್ಯೋದಯ ತೆಗೆಯುವವರಿಗೆ ಇದೇ ಸಾಕು, ಬೇರೇನೂ ನೋಡಬೇಡಿ ಅನ್ನುತ್ತೇನೆ. ನನ್ನ ಆಸೆ ಬೇರೆ.

ಮೊಬೈಲ್ ಹಾಕುವ ಪ್ಲಾಸ್ಟಿಕ್ ಚೀಲ ಫೋನು ಉಳಿಸಲು ಸರಿ, ಫೋಟೋಗೆ ಅಲ್ಲ. ಕ್ಯಾಮೆರಾ ಮೇಲೆ ‘ವೆದರ್ ಸೀಲ್ಡ್’ ಅಂತ ಇದೆ, ಹಾಗೇ ಕೊರಳಿಗೆ ಹಾಕಿಕೊಳ್ಳುತ್ತೇನೆ ಅನ್ನುವವರಿಗೆ ಒಂದೇ ಮಾತು: ಅದು ತುಂತುರಿಗೆ, ಮುಳುಗುವುದಕ್ಕಲ್ಲ. ಮಗುಚಿದಾಗ ಕೊರಳಲ್ಲಿ ಪಟ್ಟಿ ಇರುವುದೂ ಅಪಾಯ.

ಇನ್ನು ಗಟ್ಟಿ ಪೆಟ್ಟಿಗೆ. ಪೆಲಿಕನ್ ಕಂಪನಿಯದರ ಥರದ್ದು, ದೂಳು-ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ67 ಗುರುತು ಇರುವಂಥದ್ದು ನೋಡಿ ತಗೊಂಡೆ. 7 ಅಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಇಟ್ಟರೂ ಒಳಗೆ ಹಾನಿ ಆಗುವಷ್ಟು ನೀರು ಹೋಗಬಾರದು. ಕ್ಯಾಮೆರಾ ಹಾಕುವ ಮೊದಲು ಒಳಗೆ ಬರೀ ಟಿಶ್ಯೂ ಪೇಪರ್ ಇಟ್ಟು, ಕಲ್ಲು ಹೇರಿ, ಬಕೆಟ್ಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು. ಆಮೇಲೇ ನಂಬಿಕೆ ಬಂದದ್ದು.

ನನಗೆ ಇದು ಇಷ್ಟವಾಗಲು ನೀರು ತಡೆಯುವುದಕ್ಕಿಂತ ದೊಡ್ಡ ಕಾರಣ ಮುಚ್ಚಳ. ಮಂಡಿಗಳ ನಡುವೆ ಇಟ್ಟುಕೊಳ್ಳುತ್ತೇನೆ. ಒಂದು ಕೈಯಲ್ಲಿ ಟಪ್ ಟಪ್ ಅಂತ ಎರಡು ಚಿಲಕ ಎತ್ತಿದರೆ ಮುಚ್ಚಳ ತೆರೆಯಿತು, ಲೆನ್ಸ್ ಸಿಕ್ಕಿಸಿಯೇ ಇದೆ, ಹಿಡಿ ಮೇಲಕ್ಕೆ ಬರುವ ಹಾಗೆ ಸ್ಪಂಜು ಕತ್ತರಿಸಿದ್ದೇನೆ. ಐದು ಸೆಕೆಂಡು. ಒಳಗಿಡಲೂ ಅಷ್ಟೇ. ಮುಚ್ಚಳ ಒತ್ತಿ ಚಿಲಕ ಬಿದ್ದ ಸದ್ದು ಕೇಳಿದರೆ ಮುಚ್ಚಿದೆ ಅಂತ ಅರ್ಥ, ಅರೆಬರೆ ಮುಚ್ಚುವುದು ಅಂತ ಇಲ್ಲವೇ ಇಲ್ಲ. ಚೀಲದಲ್ಲಿ ನಾನು ಮಾಡಿದ ತಪ್ಪನ್ನು ಇದರಲ್ಲಿ ಮಾಡಲು ಜಾಗವೇ ಇಲ್ಲ ಅನ್ನುವುದು ನೆಮ್ಮದಿ. ಒಳಗಿನ ಗಾಳಿಯಿಂದ ತೇಲುತ್ತದೆ ಕೂಡ, ಆದರೆ ನಿಮ್ಮ ಕ್ಯಾಮೆರಾ ತೂಕಕ್ಕೆ ತೇಲುತ್ತಾ ಅಂತ ಅಷ್ಟೇ ತೂಕದ ಕಲ್ಲು ಹಾಕಿ ಮೊದಲು ನೋಡಿಕೊಳ್ಳಿ. ಪೆಟ್ಟಿಗೆಯನ್ನು ಗಿಡ್ಡ ಹಗ್ಗದಲ್ಲಿ ಕಯಾಕ್‌ಗೆ ಕಟ್ಟುತ್ತೇನೆ, ಮೈಗೆ ಯಾವತ್ತೂ ಕಟ್ಟಲ್ಲ.

ಇದರಲ್ಲೂ ಕಿರಿಕಿರಿ ಇದೆ. ಮೊದಲನೆಯದು ಹನಿ. ಹುಟ್ಟು ಎತ್ತಿದಾಗ ನೀರು ಕೋಲಿನ ಗುಂಟ ಇಳಿದು ಕೈಗೆ, ಕೈಯಿಂದ ತೆರೆದ ಪೆಟ್ಟಿಗೆಯೊಳಕ್ಕೆ ತೊಟ್ಟಿಕ್ಕುತ್ತದೆ. ಕೋಲಿಗೆ ಹಾಕುವ ರಬ್ಬರ್ ಬಳೆಗಳು ಇರುತ್ತವಲ್ಲ, ಅವನ್ನು ಸರಿಯಾದ ಜಾಗದಲ್ಲಿ, ಅಲಗಿಗೆ ಹತ್ತಿರ ಆದರೆ ನೀರಿಗೆ ಮುಳುಗದಷ್ಟು ದೂರದಲ್ಲಿ ಕೂರಿಸಿದ ಮೇಲೆ ಬಹಳ ಕಡಿಮೆಯಾಯಿತು. ಲೈಫ್ ಜಾಕೆಟ್ಟಿಗೆ ಒಂದು ಚಿಕ್ಕ ಟವಲ್ ಸಿಕ್ಕಿಸಿಕೊಂಡಿರುತ್ತೇನೆ, ಕೈ ಒರೆಸದೆ ಚಿಲಕ ಮುಟ್ಟಲ್ಲ. ಒದ್ದೆಯಾದ ಆ ಟವಲನ್ನು ಮಾತ್ರ ಪೆಟ್ಟಿಗೆಯೊಳಗೆ ಹಾಕಬೇಡಿ. ಬಿಸಿಲಿಗೆ ಅದರ ನೀರೆಲ್ಲ ಆವಿಯಾಗಿ ಲೆನ್ಸಿಗೇ ಕೂರುತ್ತದೆ.

ಎರಡನೆಯದು ಮಂಜು. ಎಸಿ ಕೋಣೆಯಲ್ಲಿ ತಣ್ಣಗಿದ್ದ ಕ್ಯಾಮೆರಾವನ್ನು ನೀರಿನ ಮೇಲಿನ ತೇವದ ಗಾಳಿಗೆ ತೆರೆದರೆ ಗಾಜು ಬೆಳ್ಳಗಾಗುತ್ತದೆ. ಒಳ್ಳೆಯ ಬೆಳಕಿನ ಮೊದಲ ಇಪ್ಪತ್ತು ನಿಮಿಷ ಹೀಗೆ ಕಳೆದುಕೊಂಡಿದ್ದೇನೆ, ಸಂಕಟ ಆಗುತ್ತದೆ. ಈಗ ಹಿಂದಿನ ರಾತ್ರಿಯೇ ಪೆಟ್ಟಿಗೆ ಮುಚ್ಚಿ ಎಸಿ ಇಲ್ಲದ ಕಡೆ ಇಡುತ್ತೇನೆ, ಬೆಳಗಾಗುವಷ್ಟರಲ್ಲಿ ಕ್ಯಾಮೆರಾ ಹೊರಗಿನ ಬಿಸುಪಿಗೆ ಹೊಂದಿಕೊಂಡಿರುತ್ತದೆ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಒಂದು ಪೊಟ್ಟಣ ಒಳಗೆ ಇರುತ್ತದೆ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತೇನೆ.

ಸೀಲ್ ಮೇಲೆ ಒಂದು ಕೂದಲು, ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ನೀರಿಗೆ ದಾರಿ. ಪ್ರತಿ ಸಲ ಬೆರಳಾಡಿಸಿ ನೋಡುತ್ತೇನೆ. ಗಾಳಿ ಮಾತ್ರ ಬಿಡುವ ವಾಲ್ವ್ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಬಿಸಿಯಲ್ಲಿ ಮುಚ್ಚಿ ತಣ್ಣಗಾದ ಮೇಲೆ ಮುಚ್ಚಳ ಕಚ್ಚಿಕೊಂಡು ಬರುವುದೇ ಇಲ್ಲ.

ಕಾಲು ಒಳಗೆ ತೂರಿಸಿ ಕೂರುವ ಕಯಾಕ್ ನಿಮ್ಮದಾದರೆ ನನ್ನ ಸಲಹೆ ಬೇರೆ. ಅಲ್ಲಿ ಮಂಡಿಗಳ ನಡುವೆ ಪೆಟ್ಟಿಗೆ ಇಡಬೇಡಿ. ಮಗುಚಿದಾಗ ಕಾಲು ಹೊರಗೆಳೆಯಲು ಅದು ಅಡ್ಡ ಬರುತ್ತದೆ, ಯಾವ ಫೋಟೋಗೂ ಆ ಅಪಾಯ ಬೇಡ. ಅಂಥವರಿಗೆ ಜಾಕೆಟ್ ಜೇಬಿನ ವಾಟರ್‌ಪ್ರೂಫ್ ಕ್ಯಾಮೆರಾನೇ ಸರಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಒಂದು ಪೆಟ್ಟಿಗೆಯ ದುಡ್ಡಿಗೆ ಮೂರ್ನಾಲ್ಕು ಡ್ರೈ ಬ್ಯಾಗ್ ಬರುತ್ತವೆ, ನಿಜ. ಆದರೆ ನಾನು ಕಳೆದುಕೊಂಡ ಲೆನ್ಸಿನ ದುಡ್ಡಿಗೆ ಎಷ್ಟೋ ಪೆಟ್ಟಿಗೆ ಬರುತ್ತಿದ್ದವು. ವಾಟರ್‌ಪ್ರೂಫ್ ಕ್ಯಾಮೆರಾ ಮೂರರಲ್ಲಿ ದುಬಾರಿ. ಮನೆಯಲ್ಲಿ ಆಗಲೇ ಒಳ್ಳೆಯ ಕ್ಯಾಮೆರಾ, ಲೆನ್ಸ್ ಇರುವವರಿಗೆ ಇನ್ನೊಂದು ಕ್ಯಾಮೆರಾ ಯಾಕೆ? ನನ್ನ ಹಾಗೆ ಗಂಟೆಗೆ ಹತ್ತು ಸಲ ತೆಗೆದು ಹತ್ತು ಸಲ ಒಳಗಿಡುವವರು ಪೆಟ್ಟಿಗೆಗೆ ಹೋಗಿ. ದ್ವೀಪಕ್ಕೋ ಆಚೆ ದಡಕ್ಕೋ ಹೋಗಿ ಇಳಿದ ಮೇಲೆ ಮಾತ್ರ ಫೋಟೋ ತೆಗೆಯುವವರಿಗೆ ಡ್ರೈ ಬ್ಯಾಗ್ ಸಾಕು. ಹೊರಡುವ ಮೊದಲು ದಡದಲ್ಲೇ, ಒಣ ಕೈಯಲ್ಲಿ, ಮೂರು ಸುತ್ತು ಸುತ್ತಿ. ಇನ್ನೊಂದು ದಡ ಸೇರುವವರೆಗೆ ಬಿಚ್ಚಬೇಡಿ.

ತಗೊಳ್ಳುವ ಮೊದಲು ಅಳತೆ ಪಟ್ಟಿ ಹಿಡಿದು ನಿಮ್ಮ ಕಯಾಕ್‌ನಲ್ಲಿ ಕೂತು ನೋಡಿ. ಮಂಡಿಗಳ ನಡುವೆ ಎಷ್ಟು ಅಗಲ ಇದೆ, ಮುಚ್ಚಳ ಪೂರ್ತಿ ಹಿಂದಕ್ಕೆ ಬಿದ್ದಾಗ ಹುಟ್ಟಿಗೆ ತಾಗುತ್ತಾ ಅಂತ. ನಾನು ಆ ಎರಡನೇ ಅಳತೆ ಮರೆತಿದ್ದೆ. ಅದಕ್ಕೇ ಈಗ ಪೆಟ್ಟಿಗೆಯನ್ನು ಹಿಂದುಮುಂದಾಗಿಸಿ, ಮುಚ್ಚಳ ಕಯಾಕ್‌ನ ಮೂತಿಯ ಕಡೆ ಬೀಳುವ ಹಾಗೆ ಇಟ್ಟುಕೊಂಡಿದ್ದೇನೆ. ಹೀಗೆ ಇಟ್ಟರೆ ಚಿಲಕವೂ ನನ್ನ ಕಡೆಗೇ ಇರುತ್ತದೆ.