ಬಳ್ಳಾರಿ ಜಾಲಿ ಸೌದೆ: ಹಂಡೆ ಒಲೆಗೆ 5ಕ್ಕೆ 5 ಅಂಕ, ರೊಟ್ಟಿ ಒಲೆಗೆ 3

‘ಜಾಲಿ ಹಸಿ ಇದ್ದರೂ ಉರೀತದೆ, ಒಯ್ಯಿರಿ’ ಎಂದು ಸೌದೆ ಡಿಪೋದವರು ಬಳ್ಳಾರಿ ಜಾಲಿಯ ಬಗ್ಗೆ ಹೇಳುವುದು ಅರ್ಧ ನಿಜ. ಹಸಿ ಜಾಲಿಗೆ ಬೆಂಕಿ ಹತ್ತುವುದೇನೋ ಹತ್ತುತ್ತದೆ. ಆದರೆ ತುದಿಯಲ್ಲಿ ನೊರೆ ಬಂದು ಸುಂಯ್‌ಗುಡುತ್ತ, ಒಳಗಿನ ನೀರನ್ನು ಆವಿ ಮಾಡುವುದಕ್ಕೇ ಶಾಖ ಖರ್ಚಾಗುತ್ತದೆ, ಅಡುಗೆಮನೆ ತುಂಬ ಹೊಗೆ. ಈ ಸೌದೆಯನ್ನು ಬೈಯುವವರಲ್ಲಿ ಹೆಚ್ಚಿನವರು ಹಸಿ ಮಾಲನ್ನೇ ಒಲೆಗಿಟ್ಟವರು.

ಚೆನ್ನಾಗಿ ಒಣಗಿದ ಜಾಲಿಯ ಮಾತೇ ಬೇರೆ. ತೂಕಕ್ಕೆ ತೂಕ ನೋಡಿದರೆ ಒಣಗಿದ ಯಾವ ಮರದ ಶಾಖದಲ್ಲೂ ಭಾರಿ ಅಂತರವಿಲ್ಲ, ಅಂತರವಿರುವುದು ಗಟ್ಟಿತನದಲ್ಲಿ. ಅದೇ ಗಾತ್ರದ ನುಗ್ಗೆ, ಅತ್ತಿ ತುಂಡುಗಳು ಭುಗ್ಗೆಂದು ಉರಿದು ಬೂದಿಯಾಗುವ ಹೊತ್ತಿಗೆ ಜಾಲಿ ಆಗಷ್ಟೇ ಕೆಂಡ ಕಟ್ಟುತ್ತಿರುತ್ತದೆ. ಆ ಕೆಂಡವೇ ಇದರ ನಿಜವಾದ ಆಸ್ತಿ. ಹಂಡೆಯ ಕೆಳಗೆ ಮುಂಗೈ ದಪ್ಪದ ಮೂರು ತುಂಡು ಇಟ್ಟು, ಆಗಾಗ ಒಳಕ್ಕೆ ತಳ್ಳುತ್ತಿದ್ದರೆ ಸಾಕು. ಬದನೆಕಾಯಿ ಸುಡಲು, ಹಾಲು ಕೆನೆಗಟ್ಟಿಸಲು ಇದಕ್ಕಿಂತ ಒಳ್ಳೆಯ ಕೆಂಡ ಬಯಲುಸೀಮೆಯಲ್ಲಿ ಕರಿಜಾಲಿಯದು ಮಾತ್ರ.

ರೊಟ್ಟಿಗೆ ಅಷ್ಟು ಹೊಂದುವುದಿಲ್ಲ. ಹಂಚಿನ ತಳಕ್ಕೆಲ್ಲ ಉರಿ ಹರಡಬೇಕು, ಬೇಕೆಂದಾಗ ಏರಬೇಕು, ಇಳಿಯಬೇಕು. ಜಾಲಿಯ ಕಾವು ಒಮ್ಮೆ ಏರಿದರೆ ಬೇಗ ಇಳಿಯದು, ಹಂಚಿನ ನಡುವೆ ರೊಟ್ಟಿ ಸೀಯುತ್ತದೆ. ಅಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಯೇ ಸರಿ. ಜಾಲಿಗೆ ಬೆಂಕಿ ಹತ್ತಿಸಲೂ ಅವೇ ಬೇಕು, ಬರೀ ಕಾಗದಕ್ಕೆ ಇದು ಜಗ್ಗುವುದಿಲ್ಲ.

ಕೊಳ್ಳುವಾಗ ಮೋಸವಾಗುವುದು ತೂಕದಲ್ಲಿ. 100 ಕಿಲೋ ಹಸಿ ಸೌದೆಯಲ್ಲಿ 40 ಕಿಲೋ ನೀರಿದ್ದರೆ, ತೇವ ಶೇ. 20ಕ್ಕೆ ಇಳಿಯುವಷ್ಟರಲ್ಲಿ ಉಳಿಯುವುದು 75 ಕಿಲೋ. ಆದ್ದರಿಂದ ಹಸಿ ಮಾಲಿನ ದರ ಒಣ ಮಾಲಿನ ಮುಕ್ಕಾಲಕ್ಕಿಂತ ಕಡಿಮೆಯಿದ್ದರೆ ಮಾತ್ರ ಒಪ್ಪಿ. ಕೊಯ್ದ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಸೀಳು ಬಿಟ್ಟಿರಬೇಕು, ತೊಗಟೆ ಸುಲಭವಾಗಿ ಏಳಬೇಕು, ಎರಡು ತುಂಡು ಬಡಿದರೆ ಟಣ್ ಎನ್ನಬೇಕು. ಕೆಂಗಂದು ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ದಪ್ಪಗಿದ್ದು, ಸುತ್ತಲಿನ ಹಳದಿ ಭಾಗ ತೆಳ್ಳಗಿದ್ದರೆ ಬಲಿತ ಮರ.

ದಪ್ಪ ತುಂಡುಗಳನ್ನು ಹಸಿಯಿದ್ದಾಗಲೇ ಸೀಳಿಸಿ. ಒಣಗಿದ ಮೇಲೆ, ಅದರಲ್ಲೂ ಬುಡದ ಕೊರಡು, ಕೊಡಲಿಯನ್ನೇ ಹಿಮ್ಮೆಟ್ಟಿಸುತ್ತದೆ. ಸೀಳಿದ ತುಂಡುಗಳಿಗೆ ಫೆಬ್ರವರಿಯಿಂದ ಮೇವರೆಗಿನ ಬಿಸಿಲು ಸಾಕು. ಕಲ್ಲಿನ ಮೇಲೆ ಎತ್ತರಿಸಿ ಅಟ್ಟಿ ಹಾಕಿ, ಮೇಲ್ಭಾಗ ಮಾತ್ರ ಮುಚ್ಚಿ. ಪಕ್ಕಗಳನ್ನೂ ತಾಡಪಾಲಿನಲ್ಲಿ ಸುತ್ತಿದರೆ ಬೂಸ್ಟು ಹಿಡಿಯುತ್ತದೆ. ಹಳದಿ ಭಾಗಕ್ಕೆ ಕೊರೆಹುಳ ಬಿದ್ದು ಹಿಟ್ಟು ಉದುರುವುದುಂಟು, ಹಳೆಯ ಅಟ್ಟಿಯನ್ನು ಮೊದಲು ಖರ್ಚು ಮಾಡಿ.

ಮುಳ್ಳಿನ ವಿಷಯದಲ್ಲಿ ಉದಾಸೀನ ಬೇಡ. ಅದು ಚಪ್ಪಲಿ ತೂರಿ ಬರುತ್ತದೆ, ಚುಚ್ಚಿ ಒಳಗೇ ಮುರಿದರೆ ಗಾಯ ದಿನಗಟ್ಟಲೆ ಬಾತು ನೋಯುತ್ತದೆ. ಕೊಂಬೆ ಸವರದ ಹೊರೆಯನ್ನು ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ.

ಇನ್ನೊಂದು: ಕೆಂಡ ತಾಸುಗಟ್ಟಲೆ ಆರದೆ ಇರುವುದರಿಂದ ಬಚ್ಚಲುಮನೆಯ ಗವಾಕ್ಷಿ ತೆರೆದೇ ಇರಲಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತಲೇ ಇರುತ್ತದೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೆ ಅದರ ವಾಸನೆಯೂ ಗೊತ್ತಾಗುವುದಿಲ್ಲ.