ಟ್ರ್ಯಾಕ್ಟರ್ ಹುಕ್ ಎತ್ತರಿಸುವ ಮುನ್ನ ಇದನ್ನೊಮ್ಮೆ ಓದಿ

ಮುಧೋಳ ತಾಲೂಕಿನ ಒಂದು ಹಳ್ಳದ ಏರು. ಕಬ್ಬು ತುಂಬಿದ ಎರಡು ಗಾಲಿಯ ಟ್ರೇಲರ್, ಎಳೆಯುತ್ತಿದ್ದದ್ದು ಐವತ್ತು ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್. ಏರಿನ ನಡುವೆ ನಿಂತು, ಮತ್ತೆ ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಮುಂದಿನ ಗಾಲಿ ಎರಡೂ ಗೇಣುದ್ದ ಮೇಲೆದ್ದವು. ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಡ್ರೈವರ್ ಕ್ಲಚ್ ಒತ್ತಿದ್ದರಿಂದ ಮುಂಭಾಗ ದಡ್ಡನೆ ಕೆಳಗೆ ಬಿತ್ತು. ಆ ಹೊಡೆತಕ್ಕೆ ಹುಕ್ಕಿನ ಪಟ್ಟಿಯ ಮೇಲಿನ ಬೋಲ್ಟ್ ಕಡಿದು, ಟ್ರೇಲರ್ ಮೂಕಿ, ಅಂದರೆ ಹುಕ್ಕಿಗೆ ಸಿಕ್ಕಿಸುವ ಮುಂಚಾಚಿದ ದಂಡ, ಡಾಂಬರಿಗೆ ಊರಿತು. ಜೀವಕ್ಕೆ ಅಪಾಯವಾಗಲಿಲ್ಲ. ಹಿಂದೆ ಬೈಕ್ ಇದ್ದಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು.

ತಪ್ಪು ಕಬ್ಬಿನದಲ್ಲ, ಡ್ರೈವರ್‌ದೂ ಅಲ್ಲ. ಹೊಸ ಟ್ರೇಲರಿನ ಮೂಕಿ ಎತ್ತರವಿತ್ತು, ಟ್ರ್ಯಾಕ್ಟರಿನ ಹುಕ್ ಕೆಳಗಿತ್ತು. ಟ್ರೇಲರ್ ಮುಂದಕ್ಕೆ ಬಾಗಿ ನಿಲ್ಲುತ್ತದೆ ಎಂದು ಒಂದು ವೆಲ್ಡಿಂಗ್ ಅಂಗಡಿಯಲ್ಲಿ 12 ಎಂಎಂ ಪಟ್ಟಿ ಹಚ್ಚಿಸಿ, ನೆಲದಿಂದ 50 ಸೆಂಮೀ ಇದ್ದ ಹುಕ್ಕನ್ನು 90 ಸೆಂಮೀಗೆ ಏರಿಸಲಾಗಿತ್ತು. "ಏನೂ ಆಗೂದಿಲ್ರೀ, ಆನೆ ಕಟ್ಟಿದ್ರೂ ತಡೀತೈತಿ" ಎಂಬ ಭರವಸೆಯೂ ಸಿಕ್ಕಿತ್ತು. ಪಟ್ಟಿ ಗಟ್ಟಿಯೇ ಇತ್ತು. ಹುಕ್ ಇದ್ದ ಜಾಗವೇ ತಪ್ಪಾಗಿತ್ತು.

ಚಕ್ಕಡಿ ಹೇರಿದವರಿಗೆ ಮುಂಭಾರ, ಹಿಂಭಾರ ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ಮೂಕಿ ಎದ್ದು ಎತ್ತಿನ ಕೊರಳಿಗೆ ಬರುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ, ಹುಕ್ಕಿನ ಎತ್ತರದ್ದು. ಅದನ್ನು ಅಂಕಿಯಲ್ಲೇ ನೋಡುವುದು ಒಳ್ಳೆಯದು.

ಟ್ರ್ಯಾಕ್ಟರ್ ತೂಕ 2,100 ಕೆಜಿ, ಮುಂದಿನ ಆಕ್ಸಲ್ ಮೇಲೆ 800 ಕೆಜಿ, ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 2 ಮೀಟರ್ ಎಂದಿಟ್ಟುಕೊಳ್ಳಿ. ಟ್ರೇಲರ್ ಮತ್ತು ಕಬ್ಬು ಸೇರಿ 8 ಟನ್. ಅದರಲ್ಲಿ ಹತ್ತನೇ ಒಂದು ಭಾಗ, ಅಂದರೆ 800 ಕೆಜಿ, ಹುಕ್ಕಿನ ಮೇಲೆ ಕೂತಿದೆ. ಹುಕ್ ಹಿಂದಿನ ಆಕ್ಸಲ್‌ನಿಂದ 60 ಸೆಂಮೀ ಹಿಂದಿದ್ದರೆ, ಈ ಭಾರ ಸನ್ನೆಕೋಲಿನಂತೆ ಮುಂದಿನಿಂದ 240 ಕೆಜಿ ಎತ್ತಿಬಿಡುತ್ತದೆ. ಇದು ಸಪಾಟು ರಸ್ತೆಯಲ್ಲಿ ನಿಂತಾಗಿನ ಮಾತು. ಹತ್ತು ಅಡಿಗೆ ಒಂದಡಿ ಏರಿನಲ್ಲಿ ಆ ಟ್ರೇಲರ್ ಎಳೆಯಲು ಸುಮಾರು 1,000 ಕೆಜಿ ಎಳೆತ ಬೇಕು. ಹುಕ್ 50 ಸೆಂಮೀ ಎತ್ತರದಲ್ಲಿದ್ದರೆ ಆ ಎಳೆತ ಮುಂದಿನ ಆಕ್ಸಲ್‌ನಿಂದ ಇನ್ನೂ 250 ಕೆಜಿ ಕಸಿಯುತ್ತದೆ, 90 ಸೆಂಮೀ ಇದ್ದರೆ 450 ಕೆಜಿ. ಏರಿನಲ್ಲಿ ಟ್ರ್ಯಾಕ್ಟರಿನದೇ ಭಾರ ಹಿಂದೆ ವಾಲುವುದಕ್ಕೆ ಸುಮಾರು 80 ಕೆಜಿ ಹಿಡಿಯಿರಿ. ಕಳೆದು ನೋಡಿದರೆ ಕೆಳಗಿನ ಹುಕ್ಕಿಗೆ ಮುಂದೆ 230 ಕೆಜಿ ಉಳಿಯುತ್ತದೆ, ಎತ್ತರಿಸಿದ ಹುಕ್ಕಿಗೆ ಬರೀ 30 ಕೆಜಿ. ಕ್ಲಚ್ ಸ್ವಲ್ಪ ಜರ್ಕ್ ಹೊಡೆದರೂ ಆ 30 ಉಳಿಯುವುದಿಲ್ಲ. ಇದೇ ಕಾರಣಕ್ಕೆ ಟಾಪ್ ಲಿಂಕ್ (ನೇಗಿಲಿನಂಥ ಉಪಕರಣ ಹಿಡಿಯುವ ಮೇಲಿನ ಸರಳು) ಕೂರುವ ಎತ್ತರದ ಜಾಗಕ್ಕೆ ಸರಪಳಿ ಕಟ್ಟಿ ಎಳೆಯುವುದು ಆತ್ಮಹತ್ಯೆಗೆ ಸಮ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಹಿಡಿಯುವುದಿಲ್ಲ, ಡ್ರೈವರ್‌ಗೆ ಇಳಿಯಲು ಸಮಯವೇ ಸಿಗುವುದಿಲ್ಲ.

ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್ ತೂಕದ ಐದನೇ ಒಂದು ಭಾಗವಾದರೂ ಮುಂದೆ ಇರಬೇಕು. ಇಲ್ಲಿ ಅದು 420 ಕೆಜಿ. ಹುಕ್ ಕಂಪನಿ ಕೊಟ್ಟ ಎತ್ತರದಲ್ಲೇ ಇದ್ದರೂ 230 ಸಾಲದು ಎಂಬುದನ್ನು ಗಮನಿಸಿ. ಬಂಪರಿಗೆ, ಮುಂದಿನ ಆಕ್ಸಲ್‌ಗಿಂತ 60 ಸೆಂಮೀ ಮುಂದೆ, 200 ಕೆಜಿ ವೇಟ್ ಹಾಕಿದರೆ ಆಕ್ಸಲ್ ಮೇಲೆ 260 ಕೆಜಿ ಬೀಳುತ್ತದೆ, ಒಟ್ಟು 490 ಆಗುತ್ತದೆ. ವೇಟ್ ಎಂದರೆ ಬೋಲ್ಟ್ ಹಾಕಿ ಬಿಗಿದ ಎರಕದ ಕಬ್ಬಿಣ. ಕಲ್ಲಿನ ಚೀಲವಲ್ಲ, ಬಂಪರ್ ಮೇಲೆ ಕೂರಿಸಿದ ಇಬ್ಬರು ಹುಡುಗರಂತೂ ಅಲ್ಲವೇ ಅಲ್ಲ.

ಎರಡನೇ ಟ್ರೇಲರ್ ಜೋಡಿಸಿದರೆ ಎಳೆತ ದುಪ್ಪಟ್ಟಾಗುತ್ತದೆ, ಮೇಲಿನ ಲೆಕ್ಕ ಪೂರ್ತಿ ಕೆಡುತ್ತದೆ. ಹಿಂದಿನದೂ ಎರಡು ಗಾಲಿಯದಾದರೆ ಅದರ ಮೂಕಿಯ ಭಾರ ಮೊದಲ ಟ್ರೇಲರಿನ ಹಿಂತುದಿಗೆ ಬಿದ್ದು, ಅದನ್ನು ಹಿಂಭಾರ ಮಾಡುತ್ತದೆ. ಆಗ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತ ಕಡಿಮೆಯಾಗಿ, ಇಳಿಜಾರಿನಲ್ಲಿ ಟ್ರೇಲರ್ ಹಾವಿನಂತೆ ಓಲಾಡುತ್ತದೆ. ಕಡಿದಾದ ಏರಿದ್ದರೆ ಒಂದನ್ನು ಕೆಳಗೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಎರಡು ಸಲ ಎಳೆಯಿರಿ. ಫ್ಯಾಕ್ಟರಿ ಮುಂದೆ ಪಾಳಿ ಹೇಗೂ ತಪ್ಪಿದ್ದಲ್ಲ, ಈ ಅರ್ಧ ಗಂಟೆ ಏನು ದೊಡ್ಡದು.

ಮುಂದಿನ ಭಾರ ಅಳೆಯುವುದು ಸುಲಭ, ಗಾಡಿ ತೂಗುವ ಕಾಟಾ ಇದ್ದರೆ ಸಾಕು. ಮೊದಲು ಖಾಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಬರೆದುಕೊಳ್ಳಿ. ತುಂಬಿದ ಟ್ರೇಲರ್ ಹಚ್ಚಿ ಮತ್ತೆ ಅದೇ ಮಾಡಿ. ಎರಡರ ಅಂತರವೇ ಹುಕ್ಕಿನ ಭಾರ ಮುಂದಿನಿಂದ ಎತ್ತಿದ ತೂಕ. ಹಿಂದಿನ ಗಾಲಿ ನಿಂತ ನೆಲ ಕಾಟಾದ ಮಟ್ಟಕ್ಕೇ ಇರಲಿ, ಇಲ್ಲವಾದರೆ ಅಂಕಿ ತಪ್ಪುತ್ತದೆ. ಇದು ಸಪಾಟಿನ ಅಂಕಿ, ಏರಿನದನ್ನು ಇದರಲ್ಲಿ ಇನ್ನೂ ಕಳೆಯಬೇಕು.

ಹೊರದೇಶದ ಪ್ರವಾಸಿ ಟ್ರೇಲರುಗಳಿಗೆ ಸ್ಪ್ರಿಂಗ್ ಸರಳು ಹಚ್ಚಿ ಹುಕ್ಕಿನ ಭಾರವನ್ನು ಮುಂದಿನ ಗಾಲಿಗೆ ಮರಳಿ ಹಂಚುವ ಸಾಧನವಿದೆ, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಎನ್ನುತ್ತಾರೆ. ವಿಡಿಯೋ ನೋಡಿ ಅದರ ನಕಲು ಮಾಡಿಸಲು ಹೋಗಬೇಡಿ. ನಮ್ಮ ಲೆಕ್ಕದಲ್ಲಿ ಅದು ಮುಟ್ಟುವುದು ಆ 240 ಕೆಜಿಯನ್ನು. ಎತ್ತರದ ಹುಕ್ಕಿನಿಂದ ಕಳೆದ 450 ಹಾಗೇ ಉಳಿಯುತ್ತದೆ. ಹೊಲದ ಬದು, ಹಳ್ಳ ದಾಟುವಾಗ ಆ ಸರಳುಗಳು ಮೂಕಿಯನ್ನೇ ತಿರುಚುತ್ತವೆ.

ಹಾಗಾದರೆ ಎತ್ತರದ ಅಂತರ ಹೇಗೆ ತುಂಬುವುದು? ಟ್ರೇಲರ್ ಕಡೆ. ಮೂಕಿಯ ತುದಿಗೆ ಕೆಳಗಿಳಿದ ಪಟ್ಟಿ, ಎರಡೂ ಬದಿ ತ್ರಿಕೋನದ ಆಸರೆ, ಅದರ ಕೆಳಗೆ ಕೊಂಡಿ. ಟ್ರ್ಯಾಕ್ಟರಿನ ಹಿಂದಿನ ಬಾಡಿ ಎರಕದ ಕಬ್ಬಿಣ, ಅದಕ್ಕೆ ವೆಲ್ಡಿಂಗ್ ಹಚ್ಚಿದರೆ ಬಿರುಕು ಖಂಡಿತ. ಹುಕ್ಕಿನ ಬೋಲ್ಟ್ ತಲೆಯ ಮೇಲೆ 8.8 ಎಂಬ ಗುರುತು ಇರಲೇಬೇಕು, ಅದು ಬೋಲ್ಟಿನ ಬಲದ ದರ್ಜೆ. ಇಲ್ಲಿ ಕಡಿದ ಎಂ16 (16 ಎಂಎಂ ದಪ್ಪದ) ಬೋಲ್ಟ್ ತಲೆಯ ಮೇಲೆ ಯಾವ ಗುರುತೂ ಇರಲಿಲ್ಲ. ಮಾಮೂಲಿ 4.6 ಬೋಲ್ಟ್ 8.8ರ ಅರ್ಧ ಭಾರಕ್ಕೂ ಮೊದಲೇ ಹಿಗ್ಗುತ್ತದೆ. 40 ಸೆಂಮೀ ಮೇಲಿನಿಂದ 1,000 ಕೆಜಿ ಎಳೆತ ಬಿದ್ದರೆ, 15 ಸೆಂಮೀ ಅಂತರದ ಬೋಲ್ಟ್ ಸಾಲಿಗೆ ತಿರುಚಿನಿಂದಲೇ 2,600 ಕೆಜಿಗೂ ಹೆಚ್ಚು ಬರುತ್ತದೆ. ತಗ್ಗಿಗೆ ಇಳಿದಾಗಿನ ಹೊಡೆತ ಬೇರೆ. ಹುಕ್ಕಿಗೆ ಮೂಕಿ ಸಿಕ್ಕಿಸುವ ಪಿನ್ ಜಾಗಕ್ಕೆ ಕಟ್ಟಡದ ಸರಳಿನ ತುಂಡು ಹಾಕುವ ಚಾಳಿಯನ್ನಂತೂ ಬಿಡಿ. ಪಿನ್ನಿನ ಕೆಳತುದಿಗೆ ಅದು ಮೇಲೆದ್ದು ಬಾರದಂತೆ ತಡೆಯುವ ಲಿಂಚ್ ಪಿನ್, ಜೊತೆಗೆ ಜೋಡಣೆ ಕಳಚಿದರೂ ಟ್ರೇಲರ್ ಹಿಡಿಯಲು ಒಂದು ಸರಪಳಿ. ಸರಪಳಿಯನ್ನು ಹುಕ್ಕಿಗೆ ಕಟ್ಟಿದರೆ ಹುಕ್ ಕಿತ್ತಾಗ ಅದೂ ಹೋಗುತ್ತದೆ, ಬೇರೆ ಜಾಗಕ್ಕೆ ಕಟ್ಟಿ.

ಕಡಿದ ಬೋಲ್ಟಿನ ಮುಖ ನೋಡಿದರೆ ಅರ್ಧ ಭಾಗ ತುಕ್ಕು ಬಣ್ಣ, ಇನ್ನರ್ಧ ಬೆಳ್ಳಗೆ ಹೊಳೆಯುತ್ತಿತ್ತು. ತುಕ್ಕಿನ ಭಾಗ ಎಷ್ಟೋ ದಿನಗಳ ಹಿಂದೆಯೇ ಸೀಳಿತ್ತು, ಆ ದಿನ ಕಡಿದದ್ದು ಬೆಳ್ಳಗಿನದು ಮಾತ್ರ. ವೆಲ್ಡಿಂಗ್ ಅಂಚಿನಲ್ಲೂ ಬಣ್ಣದ ಕೆಳಗೆ ಇಂಥ ಬಿರುಕು ಅಡಗಿರುತ್ತದೆ. ಹಂಗಾಮು ಶುರುವಾಗುವ ಮೊದಲು ಆ ಜಾಗದ ಬಣ್ಣ ಕೆರೆದು, ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಒಸರಿ ಬಿಳಿಯ ಮೇಲೆ ಸಣ್ಣ ಕಪ್ಪು ಗೆರೆ ಮೂಡುತ್ತದೆ.

ಹೊಸ ಬೋಲ್ಟ್ ಬಿಗಿದ ಮೇಲೆ ನಟ್ ಮತ್ತು ಪಟ್ಟಿ ಎರಡರ ಮೇಲೂ ಸೇರಿ ಒಂದೇ ಗೆರೆ ಬಣ್ಣ ಎಳೆದಿಡಿ. ಮೊದಲ ಲೋಡ್ ಇಳಿಸಿ ಬಂದಾಗ ಗೆರೆ ಸರಿದಿದ್ದರೆ ನಟ್ ಸಡಿಲಾಗಿದೆ.